ಕಸ್ತೂರಿಯ ಎಡಗಿವಿ

ಹೊಳೆದಂಡೆಯ ಮಠದಲ್ಲಿ ಅಂದು ಮಕ್ಕಳಿಗೆ ದೀಕ್ಷೆ. ಗುರುಗಳು ಮಗುವಿನ ಬಲಗಿವಿಯಲ್ಲಿ ಮೆಲ್ಲಗೆ ಮಂತ್ರ ಹೇಳುವುದು ಅಲ್ಲಿ ಮೊದಲಿನಿಂದ ಬಂದ ರೂಢಿ.

ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಬಿಡುವ ಕೆಲಸ ಶಿಷ್ಯ ಸಿದ್ಧವೀರನದು. ಒಳ್ಳೆಯವನೇ. ರೂಢಿಯ ಮಾತು ಬಂದರೆ ಮಾತ್ರ ಕೂದಲೆಳೆಯಷ್ಟೂ ಜಗ್ಗುವವನಲ್ಲ.

ಶಿವಲೀಲಾ ಎಂಬಾಕೆ ಮಗಳು ಕಸ್ತೂರಿಯನ್ನು ಕರೆತಂದಳು. ಹುಡುಗಿ ಹೊಸ ಲಂಗ ತೊಟ್ಟು, ಬಲಗಡೆ ಕೂದಲು ಇಳಿಬಿಟ್ಟುಕೊಂಡಿದ್ದಳು.

"ಹುಟ್ಟಿದಾಗಿಂದ ಈಕಿಗೆ ಬಲಗಿವಿ ಇಲ್ರಿ. ಇನ್ನಷ್ಟು ಬೆಳೀಲಿ, ಆಪರೇಶನ್ ಮಾಡಿ ಕಿವಿ ಮಾಡ್ತೀವಿ ಅಂದಾರ ಡಾಕ್ಟರು. ಎಡಗಿವಿ ಛಲೋ ಕೇಳತೈತ್ರಿ."

ಸಿದ್ಧವೀರ ಕೂದಲು ಸರಿಸಿ ನೋಡಿದ. ಕಿವಿ ಇರಬೇಕಾದಲ್ಲಿ ಕಡಲೆಕಾಳಿನಷ್ಟು ಚರ್ಮದ ಗಂಟು. ತೂತೇ ಇರಲಿಲ್ಲ.

"ಬಲಗಿವಿನ ಇಲ್ಲಂದ್ರ ಮಂತ್ರ ಎಲ್ಲಿ ಹೇಳೋದವ್ವಾ? ಆಪರೇಶನ್ ಆಗಲಿ, ಆಮ್ಯಾಲೆ ಕರಕೊಂಡು ಬಾ."

"ಈಕಿ ವಾರಿಗಿ ಹುಡುಗ್ಯಾರೆಲ್ಲಾ ಒಳಗ ಹೋಗ್ಯಾರ್ರಿ. ಇದೊಂದರಾಗರ ಈಕಿನ್ನ ಹೊರಗ ನಿಲ್ಲಸಬ್ಯಾಡ್ರಿ," ಎಂದಳು ತಾಯಿ.

ಕಸ್ತೂರಿ ಕೂದಲನ್ನು ಮತ್ತೆ ಎಳೆದುಕೊಂಡಳು. ಸಿದ್ಧವೀರ ಮುಂದಿನ ಮಗುವನ್ನು ನೋಡುತ್ತಿದ್ದ.

ಒಳಗಿನಿಂದ ಗುರುಗಳ ದನಿ ಬಂತು. "ಯಾರವ್ವಾ ಅದು? ಬಾ ಇಲ್ಲೆ."

ಕಸ್ತೂರಿ ಹೋಗಿ ಚಾಪೆಯ ಮೇಲೆ ಕೂತಳು.

"ನಾ ಯಾವ ಕಡೆ ಕೂಡ್ಲಿ?" ಎಂದರು ಗುರುಗಳು.

ಹೀಗೆ ಅವಳನ್ನು ಯಾರೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ, ತನ್ನ ಎಡಕ್ಕೆ ಚಾಪೆ ತಟ್ಟಿ ತೋರಿಸಿದಳು.

ಗುರುಗಳಿಗೆ ಮೊಣಕಾಲು ನೋವು. ಆದರೂ ಗೋಡೆ ಹಿಡಿದು ಎದ್ದು, ಆ ಕಡೆ ಬಂದು ಕೂತು, ಎಡಗಿವಿಯಲ್ಲಿ ಮಂತ್ರ ಹೇಳಿದರು.

ಕಸ್ತೂರಿ ಕಿಸಕ್ಕನೆ ನಕ್ಕಳು.

"ಯಾಕ ತಂಗಿ?"

"ನಿಮ್ಮ ಗಡ್ಡ ಚುಚ್ಚತೈತ್ರಿ ಅಜ್ಜಾರ."

ಗುರುಗಳೂ ನಕ್ಕರು. ಕೈಗೆ ಕಲ್ಲುಸಕ್ಕರೆ ಕೊಟ್ಟು ಕಳಿಸಿದರು. ಹೋಗುವಾಗ ಅವಳಿಗೆ ಕೂದಲು ಸರಿಮಾಡಿಕೊಳ್ಳುವುದೂ ನೆನಪಾಗಲಿಲ್ಲ.

ಸಿದ್ಧವೀರನಿಗೆ ತಡೆಯಲಾಗಲಿಲ್ಲ. "ಅಜ್ಜಾರ, ಎಡಗಿವಿಯೊಳಗ ಹೇಳಬಹುದೇನ್ರಿ?"

"ಅವರವ್ವ ಬಾಗಲದಾಗ ನಿನಗ ಏನಂದ್ಲು?"

"ಬಲಗಿವಿ ಇಲ್ಲ ಅಂದ್ಲ್ರಿ."

"ಆಮ್ಯಾಲೆ?"

"ಆಪರೇಶನ್ ಮಾಡಸ್ತೀವಿ ಅಂದ್ಲ್ರಿ."

"ಆಮ್ಯಾಲೆ?"

ಸಿದ್ಧವೀರ ತಲೆ ಕೆರೆದುಕೊಂಡ. ಇನ್ನೇನೋ ಅಂದಿದ್ದಳು, ನೆನಪಾಗಲೊಲ್ಲದು.

ಗುರುಗಳು ಹತ್ತಿರ ಕರೆದು ಅವನ ಬಲಗಿವಿ ಮೆಲ್ಲಗೆ ಹಿಂಡಿದರು.

"ಆಕಿ ಕಿವಿ ನನಗ ಲಗೂನ ಸಿಕ್ತು. ನಿನ್ನ ಕಿವಿ ಎಲ್ಲೈತಿ, ತೋರಸಪಾ."