ಸುರುಳಿಗಟ್ಟಿದ ಹಿಪ್ಪಲಿ

ಹೊಳೆದಂಡೆಯ ಒಂದು ಆಶ್ರಮದಲ್ಲಿ ಕಿಟಕಿಯಿಲ್ಲದ ಕಲ್ಲಿನ ಕೋಣೆಯೊಂದಿತ್ತು. ಹೊರಗಿನ ಬಿಸಿಗಾಳಿ ತಾಳದ ಔಷಧಿ ಗಿಡಗಳನ್ನು ಅಲ್ಲಿ ಕುಂಡಗಳಲ್ಲಿಟ್ಟು, ಸರಪಳಿಯಿಂದ ಇಳಿಬಿಟ್ಟ ವಿದ್ಯುತ್ ದೀಪಗಳ ಬೆಳಕಿನಲ್ಲಿ ಬೆಳೆಸುತ್ತಿದ್ದರು. ಸುತ್ತಲಿನ ನಾಟಿವೈದ್ಯರು ಸಸಿ ಬೇಕೆಂದರೆ ಅಲ್ಲಿಗೇ ಬರುತ್ತಿದ್ದರು.

ಹನ್ನೊಂದು ವರ್ಷಗಳಿಂದ ಆ ಕೋಣೆಯನ್ನು ನೋಡಿಕೊಂಡಿದ್ದವನು ಬಸವಂತ. ಗುರು ಸೋಮಲಿಂಗಯ್ಯನವರಿಗೆ ವಯಸ್ಸಾಗಿತ್ತು. ಶ್ರಾವಣ ಬರುವಷ್ಟರಲ್ಲಿ ಕೋಣೆಯ ಹೊಣೆಯನ್ನು ಒಬ್ಬರಿಗೆ ವಹಿಸಿಬಿಡುತ್ತೇನೆ ಎಂದಿದ್ದರು. ಆ ಒಬ್ಬರು ತಾನೇ ಎಂಬುದರಲ್ಲಿ ಬಸವಂತನಿಗೆ ಅನುಮಾನವಿರಲಿಲ್ಲ.

ಅಷ್ಟರಲ್ಲಿ ಕೆಲಸ ಕಲಿಯಲು ದಾನಮ್ಮ ಬಂದಳು.

ನಲವತ್ತು ದಾಟಿದ, ಮಗ್ಗದಲ್ಲಿ ಕೂತು ಕೂತು ಬೆನ್ನು ಬಾಗಿದ ಹೆಂಗಸು. ಅಯ್ಯನವರು ಅವಳಿಗೆ ಒಂದು ಹಲಗೆಯನ್ನೂ ಅದರ ಮೇಲಿದ್ದ ಆರು ಹಿಪ್ಪಲಿ ಬಳ್ಳಿಗಳನ್ನೂ ಕೊಟ್ಟರು. ಮೂರು ತಿಂಗಳಲ್ಲಿ ಬಳ್ಳಿಗಳು ಕುಂಡದ ಅಂಚು ದಾಟಿ ಇಳಿದವು.

ಬಸವಂತನನ್ನು ಕೊರೆದದ್ದು ಬಳ್ಳಿಗಳಲ್ಲ. ಅಯ್ಯನವರು ದಿನಾ ಬೆಳಿಗ್ಗೆ ಅವಳ ಹಲಗೆಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಬಗ್ಗಿ ಎಲೆ ಮುಟ್ಟುತ್ತಿದ್ದರು. ಅವಳು ಏನೋ ಕೇಳಿದರೆ ಇವರು ಏನೋ ಹೇಳಿ ನಗುತ್ತಿದ್ದರು. ಬಸವಂತನ ನೂರು ಕುಂಡಗಳ ಮುಂದೆ ಬಂದಾಗ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಅವರು ಅವಳಿಗೆ ಏನೋ ಗುಟ್ಟು ಹೇಳಿಕೊಡುತ್ತಿದ್ದಾರೆ ಎಂದುಕೊಂಡ. ಒಂದು ದಿನ ಮರೆಯಲ್ಲಿ ನಿಂತು ಆಲಿಸಿದ. ಅವರು ಹೇಳುತ್ತಿದ್ದುದು ನೀರಿನ ವಿಷಯ, ಹನ್ನೊಂದು ವರ್ಷದ ಹಿಂದೆ ತನಗೆ ಹೇಳಿದ್ದೇ. ಅದು ಅವನನ್ನು ಇನ್ನಷ್ಟು ಸುಟ್ಟಿತು. ಅಂದಿನಿಂದ ಊಟಕ್ಕೆ ಅವಳ ಸಾಲಿನಲ್ಲಿ ಕೂರುವುದನ್ನು ಬಿಟ್ಟ.

ತಂಗಿಯ ಮಗಳ ಮದುವೆಯೆಂದು ದಾನಮ್ಮ ನಾಲ್ಕು ದಿನ ಊರಿಗೆ ಹೋದಳು. ಹೋಗುವಾಗ ಬಳ್ಳಿಗಳನ್ನು ಬಸವಂತನಿಗೇ ಒಪ್ಪಿಸಿದಳು.

ಅವಳು ಹೊಳೆ ದಾಟುವುದನ್ನು ನೋಡಿ ಬಂದು, ಅವನು ಅವಳ ಹಲಗೆಯ ಮೇಲಿನ ದೀಪವನ್ನು ಎಲೆಗಳಿಗೆ ತಾಗುವಷ್ಟು ಕೆಳಗಿಳಿಸಿದ. ಬೆಳಿಗ್ಗೆ ಅಯ್ಯನವರು ಬಂದು ಹೋಗುವವರೆಗೆ ಮಾತ್ರ ಅದನ್ನು ಏರಿಸಿಡುತ್ತಿದ್ದ. ಅವಳು ಬರುವ ದಿನ ಮೊದಲಿನ ಎತ್ತರಕ್ಕೇ ಏರಿಸಿಟ್ಟ.

ಎಲೆಗಳು ಅಂಚು ಮೇಲಕ್ಕೆ ಮಡಚಿಕೊಂಡು ದೊನ್ನೆಯಂತಾಗಿದ್ದವು. ತುದಿಗಳು ಕಂದಿದ್ದವು.

ದಾನಮ್ಮ ಮದುವೆಯ ಬುಂದಿ ಉಂಡೆಯನ್ನು ಅವನ ಕೈಗಿಟ್ಟು, ತನ್ನ ಗಿಡಗಳಿಗೆ ಏನಾಯಿತೆಂದು ಕೇಳಿದಳು. ನೀರು ಹೆಚ್ಚಾಗಿದೆ, ಸ್ವಲ್ಪ ದಿನ ಹಾಕಬೇಡ ಎಂದ. ಅವಳು ಮರುಮಾತಿಲ್ಲದೆ ನಂಬಿದಳು. ಅವನು ಉಂಡೆಯನ್ನು ಬಾಯಿಗಿಟ್ಟ, ರುಚಿ ಹತ್ತಲಿಲ್ಲ.

ನೀರಿಲ್ಲದೆ ಬಳ್ಳಿಗಳು ಇನ್ನಷ್ಟು ಜೋತುಬಿದ್ದವು. ಅಯ್ಯನವರು ಈಗ ಬೆಳಿಗ್ಗೆಯೂ ಸಂಜೆಯೂ ಅವಳ ಹಲಗೆಯ ಮುಂದೆ ನಿಲ್ಲತೊಡಗಿದರು. ಬಸವಂತ ದೂರದಿಂದ ನೋಡಿ ಹಲ್ಲು ಕಚ್ಚಿದ.

ನಾಲ್ಕನೆಯ ದಿನ ಅಯ್ಯನವರು ಅವನನ್ನು ಕರೆದು, ಈ ಕೋಣೆಯಲ್ಲಿ ನಿನಗಿಂತ ತಿಳಿದವರಿಲ್ಲ, ನೋಡಿ ಹೇಳು ಎಂದರು. ದಾನಮ್ಮ ಪಕ್ಕದಲ್ಲೇ ನಿಂತಿದ್ದಳು.

ಬಸವಂತ ಮಣ್ಣಿಗೆ ಬೆರಳಿಟ್ಟ. ಒಣಗಿತ್ತು. ಎಲೆ ತಿರುವಿ ಹಿಂಬದಿ ನೋಡಿದ. ಹುಳವಿಲ್ಲ, ಜೇಡರ ನೂಲಿಲ್ಲ. ಬೇರು ಕೆದಕಿದ. ಕೊಳೆತಿರಲಿಲ್ಲ.

ನೀರು ಹೆಚ್ಚಾದರೆ ಎಲೆ ಯಾವ ಕಡೆ ಮಡಚುತ್ತದೆ ಎಂದು ಅಯ್ಯನವರು ಕೇಳಿದರು. ಕೆಳಕ್ಕೆ ಎಂದ. ಇದು ಯಾವ ಕಡೆ ಮಡಚಿದೆ ಎಂದರು. ಮೇಲಕ್ಕೆ ಎಂದ.

"ಹಾಗಾದರೆ ಕಾರಣ?"

"ತಿಳಿಯುತ್ತಿಲ್ಲ, ಅಯ್ಯನವರೇ."

ಅಯ್ಯನವರು ದಾನಮ್ಮನ ಕಡೆ ತಿರುಗಿ, ಬಸವಂತನಿಗೇ ತಿಳಿಯದ ರೋಗವನ್ನು ಒಳಗಿಟ್ಟುಕೊಳ್ಳುವ ಹಾಗಿಲ್ಲ, ಉಳಿದವಕ್ಕೂ ಹಬ್ಬೀತು, ಆರನ್ನೂ ಹೊರಗೆ ಒಯ್ದು ಸುಟ್ಟುಬಿಡು ಎಂದರು.

ದಾನಮ್ಮ ಮೊದಲ ಕುಂಡವನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಜೋತುಬಿದ್ದ ಬಳ್ಳಿ ಕಾಲಿಗೆ ತೊಡರದಿರಲೆಂದು ಅದನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡಳು, ಮಗುವಿನ ಕೈಯನ್ನು ಹಾಕಿಕೊಂಡಂತೆ. ಹೊಸಿಲವರೆಗೂ ಹೋದಳು.

"ಸುಡಬೇಡ," ಎಂದ ಬಸವಂತ. "ಅದಕ್ಕೆ ರೋಗವಿಲ್ಲ. ನೀನು ಊರಿಗೆ ಹೋದಾಗ ನಾನೇ ದೀಪ ಕೆಳಗಿಳಿಸಿದ್ದೆ. ನೀರಿನ ಮಾತೂ ಸುಳ್ಳು."

ದಾನಮ್ಮ ತಿರುಗಿ ಅವನನ್ನು ನೋಡಿದಳು. ಅವನು ಬೈಗುಳಕ್ಕೆ ಕಾದ. ಅವಳು ಕುಂಡವನ್ನು ಮೆಲ್ಲಗೆ ಕೆಳಗಿಟ್ಟಳು.

"ನಾಲ್ಕು ದಿನದಿಂದ ಬಾಯಾರಿವೆ," ಎಂದಳು. ಕೊಡ ತೆಗೆದುಕೊಂಡು ಹೊಳೆಗೆ ಹೋದಳು.

ಗುರುವೂ ಶಿಷ್ಯನೂ ಮಾತ್ರ ಉಳಿದರು. ತನ್ನನ್ನು ಆಶ್ರಮದಿಂದ ಕಳಿಸಿಬಿಡಿ ಎಂದು ಬಸವಂತ ಹೇಳಿದ. ಹೋಗುವುದಾದರೆ ಈ ಬಳ್ಳಿಗಳು ಚೇತರಿಸಿಕೊಂಡ ಮೇಲೆ ಹೋಗು, ಅಲ್ಲಿಯವರೆಗೆ ದಾನಮ್ಮ ಹೇಳಿದಂತೆ ಕೆಲಸ ಮಾಡು ಎಂದರು ಅಯ್ಯನವರು. ಮಡಚಿದ ಎಲೆಗಳು ಮತ್ತೆ ಬಿಚ್ಚಿಕೊಳ್ಳುತ್ತವೆಯೇ ಎಂದು ಅವನು ಕೇಳಿದ. ಸುಟ್ಟ ಎಲೆ ಬಿಚ್ಚುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಅವರೂ ಅದನ್ನೇ ಹೇಳಿದರು.

ಇಷ್ಟಾದರೂ ಎದೆಯೊಳಗಿನದು ಇಳಿದಿರಲಿಲ್ಲ. ನಾಚಿಕೆಯ ಅಡಿಯಲ್ಲೂ ಅದು ಹಾಗೇ ಉರಿಯುತ್ತಿತ್ತು. ಕೊನೆಗೆ ಅವನು ಕೇಳಿಯೇಬಿಟ್ಟ.

"ಅವಳಿಗೆ ನೀವು ಕಲಿಸಿದ್ದೆಲ್ಲ ನನಗೂ ಕಲಿಸಿದ್ದೇ. ಆದರೂ ದಿನಾ ಅಲ್ಲಿ ನಿಂತಿರಿ, ನನ್ನ ಬಳಿ ನಿಲ್ಲಲಿಲ್ಲ. ಯಾಕೆ?"

ಅಯ್ಯನವರು ಬಳ್ಳಿಯ ಒಂದು ಎಲೆಯನ್ನು ಬೆರಳ ತುದಿಯಲ್ಲಿ ಎತ್ತಿ ನೋಡುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ನಾನು ಬಂದು ನಿಂತಾಗ ಅವಳು ಗಿಡ ನೋಡುತ್ತಿದ್ದಳು, ಬಸವಂತ. ನೀನು ನನ್ನ ಮುಖ ನೋಡುತ್ತಿದ್ದೆ."