ಸೈಡ್ ಸ್ಟ್ಯಾಂಡು

ಆಶ್ರಮಕ್ಕೆ ಆಕಳು ಕೊಡುವ ಭಕ್ತರಿರುತ್ತಾರೆ. ನದಿ ದಂಡೆಯ ಆ ಆಶ್ರಮಕ್ಕೆ ಒಬ್ಬ ಭಕ್ತ ಹಳೆಯ ಮೋಟಾರ್ ಬೈಕು ಕೊಟ್ಟು ಹೋಗಿದ್ದ.

"ಇದನ್ನೇನು ಮಾಡುವುದು?" ಎಂದು ಶಿಷ್ಯರು ಕೇಳಿದರು.

"ಸಗಣಿ ಎತ್ತುವ ಕೆಲಸವಿಲ್ಲ. ಇರಲಿ," ಎಂದರು ಗುರು ಸಾವಂತ್ರಮ್ಮ. ಆಮೇಲೆ ಅದನ್ನು ಓಡಿಸಲು ಕಲಿತರು.

ಪ್ರತಿ ವರ್ಷ ಪುಷ್ಯ ಮಾಸದಲ್ಲಿ ಬೈಕಿನವರೆಲ್ಲ ಒಂದು ಬೆಟ್ಟದ ಮೇಲೆ ಸೇರುತ್ತಾರೆ. ಟೆಂಟು ಹಾಕಿಕೊಂಡು, ಎರಡು ದಿನ ಚಳಿಯಲ್ಲಿ ನಡುಗಿ, ಬಹಳ ಸಂತೋಷವಾಯಿತೆಂದು ಹೇಳಿ ಮನೆಗೆ ಹೋಗುತ್ತಾರೆ. ಅಮ್ಮ ಹದಿನಾಲ್ಕು ವರ್ಷ ಇದನ್ನು ತಪ್ಪಿಸಿರಲಿಲ್ಲ. ಈ ವರ್ಷ ಮಂಡಿ ಮಾತು ಕೇಳಲಿಲ್ಲ.

"ಚಿದಾನಂದ, ನೀನು ಓಡಿಸು. ನಾನು ಹಿಂದೆ ಕೂರುತ್ತೇನೆ."

ಚಿದಾನಂದ ಆಶ್ರಮಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಹೊಳೆಯ ಆಚೆ ದಡದವರು ಅವನಿಗೊಂದು ಕುಟೀರ ಕಟ್ಟಿಸಿ, ಹೆಂಚು ಹೊದಿಸಿ ಕಾಯುತ್ತಿದ್ದರು. ಅಮ್ಮ ಒಂದು ಸಲ 'ಹೋಗು, ನೀನೂ ಶಿಷ್ಯರನ್ನು ಮಾಡಿಕೋ' ಎಂದಿದ್ದರೆ ಸಾಕಿತ್ತು. ಅಮ್ಮ ಅನ್ನುತ್ತಿರಲಿಲ್ಲ.

"ಅಮ್ಮ, ನನ್ನ ವಿಷಯ..."

"ಬೆಟ್ಟದ ಮೇಲೆ ಹೇಳುತ್ತೇನೆ. ಮೊದಲು ಟೆಂಟನ್ನು ಗಾಡಿಗೆ ಬಿಗಿ."

ಬಿಗಿದ. ಅಮ್ಮ ಹೆಲ್ಮೆಟ್ಟು ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಾಲು ಎಡಗಡೆ ಇಳಿಬಿಟ್ಟು ಕುಳಿತರು.

ಹೊರಟು ಎರಡು ಫರ್ಲಾಂಗೂ ಆಗಿರಲಿಲ್ಲ. ಹಾಲಿನ ಕ್ಯಾನು ಹಿಡಿದಿದ್ದ ಹೆಂಗಸೊಬ್ಬಳು ಕೂಗಿದಳು.

"ಅಣ್ಣಾ, ಸ್ಟ್ಯಾಂಡು! ಸ್ಟ್ಯಾಂಡು!"

ಚಿದಾನಂದ ಬಗ್ಗಿ ನೋಡಿದ. ಸೈಡ್ ಸ್ಟ್ಯಾಂಡು ಇಳಿದೇ ಇತ್ತು. ಹಿಮ್ಮಡಿಯಿಂದ ಒದ್ದು ಮೇಲೆತ್ತಿದ.

"ಗೊತ್ತಿತ್ತು," ಎಂದ.

ಇಳಿದ ಸ್ಟ್ಯಾಂಡು ತಿರುವಿನಲ್ಲಿ ನೆಲ ಕಚ್ಚಿದರೆ ಸವಾರನನ್ನು ಎತ್ತಿ ಒಗೆಯುತ್ತದೆ. ಅದಕ್ಕೇ ನಮ್ಮ ರಸ್ತೆಗಳಲ್ಲಿ ಗುರುತು ಪರಿಚಯ ಇಲ್ಲದವರೂ ಕೂಗಿ ಹೇಳುತ್ತಾರೆ. ಊರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ನಮ್ಮ ಜನ ಹೀಗೆ ಏನನ್ನೂ ಕೇಳದೆ ಮಾಡುವ ಉಪಕಾರ ಬಹುಶಃ ಇದೊಂದೇ.

ಪೆಟ್ರೋಲ್ ಹಾಕಿಸಿ ಹೊರಟರು. ಹಿಂದಿನಿಂದ ಬಂದು ದಾಟಿದ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಜೋತು ಬಿದ್ದು ಸೀಟಿ ಊದಿದ.

"ಏ ಸ್ವಾಮೀ, ಸ್ಟ್ಯಾಂಡ್ ತೆಗೀರಿ! ಹಿಂದೆ ಅಜ್ಜಿ ಬೇರೆ ಕೂತವ್ರೆ!"

"ಗೊತ್ತು ರೀ, ಗೊತ್ತು!"

ಅಮ್ಮ ಹಿಂದಿನಿಂದ ಕೇಳಿದರು. "ಮನಸ್ಸು ಎಲ್ಲಿದೆ?"

"ಬೆಟ್ಟದ ಮೇಲೆ ನೀವು ಏನು ಹೇಳುತ್ತೀರೋ ಅದರ ಮೇಲೆ."

"ಹೂಂ."

ಅಮ್ಮನ ಮಂಡಿಗೆಂದು ಮತ್ತೊಮ್ಮೆ ನಿಲ್ಲಿಸಿ ಹೊರಟದ್ದಾಯಿತು. ಕಬ್ಬಿನ ಟ್ರ್ಯಾಕ್ಟರಿನವನು ಶಿಳ್ಳೆ ಹೊಡೆದು ಕೆಳಗೆ ಕೈ ತೋರಿಸಿದ.

ಚಿದಾನಂದ ಸ್ಟ್ಯಾಂಡಿಗೆ ಒದ್ದ ರಭಸಕ್ಕೆ ಗಾಡಿಯೇ ಅಲುಗಿತು.

"ಇವರಿಗೆಲ್ಲ ಬೇರೆ ಕೆಲಸವಿಲ್ಲವೇ ಅಮ್ಮ? ಊರಿಗೆ ಊರೇ ನನ್ನ ಕಾಲ ಕೆಳಗೆ ನೋಡುತ್ತಿದೆ!"

"ನೀನೊಬ್ಬ ನೋಡುತ್ತಿಲ್ಲವಲ್ಲ, ಪಾಪ, ಅದಕ್ಕೆ."

ಬೆಟ್ಟದ ಬುಡದಲ್ಲಿ ಟೀ ಕುಡಿದರು. ಬಿಸಿಲು ಹಳದಿಯಾಗುತ್ತಿತ್ತು. ಕತ್ತಲಾಗುವ ಮೊದಲು ಮೇಲೆ ತಲುಪಬೇಕು, ಅಮ್ಮನ ಮಾತು ಕೇಳಬೇಕು. ಚಿದಾನಂದ ಕಿಕ್ ಹೊಡೆದು ಹೊರಟೇಬಿಟ್ಟ.

"ಸ್ಟ್ಯಾಂಡೂ..." ಎಂದು ಟೀ ಅಂಗಡಿಯವಳು ಕೂಗಿದಳು.

ಅವನು ಕೆಳಗೆ ನೋಡಲೂ ಇಲ್ಲ.

"ಎತ್ತಿದೀನಿ ಕಣಮ್ಮಾ!"

ಅಮ್ಮ ಕೆಳಗೆ ನೋಡಿದರು. ಮುಂದಿನ ತಿರುವು ನೋಡಿದರು. ಅವನ ಭುಜ ಬಿಟ್ಟು ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡರು.

ತಿರುವು ಎಡಕ್ಕಿತ್ತು. ಗಾಡಿ ವಾಲಿತು. ಸ್ಟ್ಯಾಂಡು ನೆಲ ಕಚ್ಚಿತು.

ಏರು ದಾರಿಯಾದ್ದರಿಂದ ವೇಗವಿರಲಿಲ್ಲ. ಚಿದಾನಂದ ಚರಂಡಿಯಲ್ಲಿದ್ದ. ಅಮ್ಮ ಲಂಟಾನದ ಪೊದೆಯಲ್ಲಿದ್ದರು.

"ಅಮ್ಮ! ಏನಾದರೂ ಆಯಿತೇ?"

"ಮೊಣಕೈ ತರಚಿದೆ. ನಿನಗೆ?"

ಅವನಿಗೆ ಏನೂ ಆಗಿರಲಿಲ್ಲ. ಹಾಗಾಗಿ ಕೋಪ ಬಂತು.

"ಸ್ಟ್ಯಾಂಡು ನಿಮ್ಮ ಕಾಲ ಕೆಳಗೇ ಇತ್ತು. ದಾರಿಯುದ್ದಕ್ಕೂ ನಿಮಗೆ ಕಾಣುತ್ತಿತ್ತು. ಒಂದು ಸಲವಾದರೂ ಹೇಳಬಾರದೇ?"

"ಹಾಲಿನವಳು ಹೇಳಿದಳು. ಕಂಡಕ್ಟರು ಹೇಳಿದ. ಟ್ರ್ಯಾಕ್ಟರಿನವನು ಹೇಳಿದ. ಟೀ ಅಂಗಡಿಯವಳು ಹೇಳಿದಳು." ಅಮ್ಮ ಸೀರೆಯಿಂದ ಒಂದೊಂದೇ ಮುಳ್ಳು ಕೀಳುತ್ತಿದ್ದರು. "ಅವರಿಗಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲಪ್ಪ."

"ಅವರು ದಾರಿಹೋಕರು. ನೀವು ಗುರುಗಳು!"

"ಅದೇ ನಿನ್ನ ತೊಂದರೆ. ಗಾಡಿ ಎತ್ತು."

ಮೇಲೆ ತಲುಪಿ ಬಿಚ್ಚಿ ನೋಡಿದರೆ ಟೆಂಟಿನ ಒಂದು ಕೋಲು ಮುರಿದಿತ್ತು. ಆ ಗೂನುಬೆನ್ನಿನ ಟೆಂಟಿನೊಳಗೆ ಅಮ್ಮ ಸೊಗಸಾಗಿ ನಿದ್ದೆ ಮಾಡಿದರು. ಚಿದಾನಂದ ಹೊರಗೆ ಕಂಬಳಿ ಹೊದ್ದು ಬೆಳಗಿನ ತನಕ ಹಲ್ಲು ಕಟಕಟಿಸಿದ.

ಬೆಳಿಗ್ಗೆ ಬೆಟ್ಟವೆಲ್ಲ ಮಂಜು. ಅಲ್ಲಲ್ಲಿ ಬೆಂಕಿ, ಟೀ, ಗಾಡಿಗಳ ಸದ್ದು.

"ಅಮ್ಮ, ಬೆಟ್ಟದ ಮೇಲೆ ಹೇಳುತ್ತೇನೆ ಅಂದಿದ್ದಿರಿ."

"ಹಲ್ಲುಜ್ಜು."

"ಉಜ್ಜಿದೆ."

"ಟೀ ಕುಡಿ."

"ಕುಡಿಯುತ್ತಲೇ ಇದ್ದೇನೆ! ಒಂಬತ್ತು ವರ್ಷದಿಂದ ನೀವು ಉಜ್ಜು ಎಂದದ್ದನ್ನು ಉಜ್ಜಿದ್ದೇನೆ, ಕುಡಿ ಎಂದದ್ದನ್ನು ಕುಡಿದಿದ್ದೇನೆ. ಆಚೆ ದಡದಲ್ಲಿ ಕುಟೀರ ಗೆದ್ದಲು ಹಿಡಿಯುತ್ತಿದೆ. ನಾನು ಶಿಷ್ಯರ ಮುಖ ನೋಡುವುದು ಯಾವಾಗ?"

ಅಮ್ಮ ಏನೋ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಪಕ್ಕದ ಟೆಂಟಿನ ಸವಾರನೊಬ್ಬ ಗಾಡಿ ಚಾಲೂ ಮಾಡಿ ಇಳಿಜಾರಿನತ್ತ ಹೊರಟ. ಚಿದಾನಂದನ ಕಣ್ಣು ಆ ಗಾಡಿಯ ಕೆಳಗೆ ಹೋಯಿತು.

ಲೋಟ ಬಿಸಾಡಿ ಓಡಿದ.

"ಏ! ಸ್ಟ್ಯಾಂಡು! ಏ ತಮ್ಮಾ, ಸ್ಟ್ಯಾಂಡು ಕಣೋ!"

ಬರಿಗಾಲು. ಒದ್ದೆ ಹುಲ್ಲು, ಆಮೇಲೆ ಜಲ್ಲಿ. ಕಂಬಳಿ ಎಲ್ಲೋ ಬಿತ್ತು. ಸವಾರ ತಿರುಗಲಿಲ್ಲ. ಚಿದಾನಂದ ಅಡ್ಡ ಹಾದು, ಬಂಡೆ ಹತ್ತಿ, ಗಂಟಲು ಹರಿಯುವ ಹಾಗೆ ಕೂಗಿದ.

"ಸ್ಟ್ಯಾಂಡೂ!"

ತಿರುವಿಗೆ ನಾಲ್ಕು ಮಾರು ಇದ್ದಾಗ ಸವಾರನ ಹಿಮ್ಮಡಿ ಹಿಂದಕ್ಕೆ ಒದೆಯಿತು. ಸ್ಟ್ಯಾಂಡು ಮೇಲೆ ಹೋಯಿತು.

"ಗೊತ್ತು, ಗೊತ್ತು!" ಎಂದು ಸಿಡುಕಿ, ಸವಾರ ಮಂಜಿನೊಳಗೆ ಹೋದ.

ಚಿದಾನಂದ ಕುಂಟುತ್ತಾ ವಾಪಸು ಬಂದ. ಅಂಗಾಲಿನಲ್ಲಿ ರಕ್ತ. ಬಾಯಿ ನಿಲ್ಲುತ್ತಿರಲಿಲ್ಲ.

"ನೋಡಿದಿರಾ ಅಮ್ಮ? ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಬಿದ್ದು ಸಾಯುತ್ತಿದ್ದ. ಕಾಲು ಕುಯ್ದುಕೊಂಡು ಓಡಿದೆ. ಒಂದು ನಮಸ್ಕಾರವಿಲ್ಲ, ತಿರುಗಿ ನೋಡುವುದಿಲ್ಲ. ಗೊತ್ತಂತೆ! ಎಲ್ಲ ಗೊತ್ತಂತೆ ಅವನಿಗೆ!"

ಅಮ್ಮ ತಮ್ಮ ಲೋಟದ ಟೀಯನ್ನು ಅವನ ಕೈಗೆ ಕೊಟ್ಟರು.

"ಊರಿಗೆ ಹೋದ ಮೇಲೆ ಆಚೆ ದಡಕ್ಕೆ ಹೊರಡು. ಅಂತೂ ನಿನಗೂ ಒಬ್ಬ ಶಿಷ್ಯ ಸಿಕ್ಕ."