ಹಿಂದಿನ ಸೀಟಿನ ಸಲ್ಯೂಟು

ಗಿರಣಿ ಸಾಹುಕಾರರು ತಮ್ಮ ಹೊಸ ಪುಟ್ಟ ಎಲೆಕ್ಟ್ರಿಕ್ ಎಸ್‌ಯುವಿಯ ಕೀಲಿಯನ್ನು ಡ್ರೈವರ್ ಶಿವನಂಜನಿಗೆ ಕೊಟ್ಟರು. "ಒಂದು ವಾರ ಓಡಿಸಿ ನೋಡು. ದಿನದ ಓಡಾಟಕ್ಕೆ ಸಲೀಸಾಗಿದ್ರೆ ಇನ್ಮೇಲೆ ನಾನೇ ಓಡಿಸ್ಕೋತೀನಿ, ನೀನು ಬೇಡ."

ಗೇರಿಲ್ಲ, ಕ್ಲಚ್ಚಿಲ್ಲ, ಸದ್ದೂ ಇಲ್ಲ. ಇಪ್ಪತ್ತು ವರ್ಷದ ಅನ್ನ ಹೋಯಿತೆಂದುಕೊಂಡ ಶಿವನಂಜ.

"ಮುಂದಿನ ಸೀಟು ಚಿನ್ನ, ಸ್ವಾಮಿ. ಹಿಂದಿನದನ್ನೂ ನೋಡ್ಬೇಕಲ್ಲ? ನೀವು ಓಡಿಸಿ, ನಾನು ಕೂರ್ತೀನಿ" ಎಂದು ವಾರದ ಕೊನೆಗೆ ಕೀಲಿ ವಾಪಸು ಕೊಟ್ಟ.

ಗಿರಣಿ ಗೇಟಿನಲ್ಲಿ ಕಾವಲುಗಾರ ರೂಢಿಯಂತೆ ಹಿಂದಿನ ಕಪ್ಪು ಗಾಜಿಗೆ ಸಲ್ಯೂಟು ಹೊಡೆದ. ಮುಂದೆ ಯಾರೆಂದು ನೋಡದೆಯೇ, "ಗಾಡಿ ಬೇವಿನ ಮರದಡಿ ಹಾಕಯ್ಯ ಡ್ರೈವರ್" ಅಂದ.

ಸಾಹುಕಾರರ ಮುಖ ಕೆಂಪಾಯಿತು. ಇಳಿದು ಬಂದು ಹಿಂದೆ ತೂರಿಕೊಂಡರು. ಮಂಡಿ ಗದ್ದಕ್ಕೆ ತಾಗಿತು. "ಓಡಿಸು" ಅಂದರು.

ಶಿವನಂಜನ ಅನ್ನ ಉಳಿಯಿತು. ಉಳಿಸಿದ್ದು ಅವನ ಇಪ್ಪತ್ತು ವರ್ಷದ ದುಡಿಮೆಯಲ್ಲ, ಅವನದಲ್ಲದ ಆ ಒಂದು ಸಲ್ಯೂಟು.